ಗೋವಿನಜೋಳ ಗೆದ್ದ ಬಗೆ

ನಮ್ಮ ಊರಿನ ಜೋಳ ಸೋತಿತು ಎಂದು ಯಾರಾದರೂ ನನ್ನ ಖಾನಾವಳಿಯಲ್ಲಿ ಕೂತು ಹೇಳಿದರೆ ಅವರ ತಾಟಿಗೆ ಎರಡನೆಯ ರೊಟ್ಟಿ ಬೀಳುವುದಿಲ್ಲ. ಇದನ್ನು ಬಸ್ಸಿನ ಡ್ರೈವರಿಗೂ ಹೇಳಿದ್ದೇನೆ, ಸೊಸೈಟಿಯ ಕಾರ್ಯದರ್ಶಿಗೂ ಹೇಳಿದ್ದೇನೆ. ನಮ್ಮ ಜೋಳದ ಕಾಳನ್ನು ನನ್ನ ಕಣ್ಣೆದುರಿಗೇ, ಪೇಟೆಯವರು ಮೆಕ್ಕೆಜೋಳ ಎನ್ನುವ ಗೋವಿನಜೋಳದ ಚೀಲಕ್ಕೆ ಸುರಿದು, ತೂಕ ಹಾಕಿ, ಗೋವಿನಜೋಳ ಗೆದ್ದಿತು ಎಂದು ಚಪ್ಪಾಳೆ ತಟ್ಟಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇದನ್ನು ಸೋಲು ಎನ್ನುವವರಿಗೆ ನಾನು ಮೊದಲ ರೊಟ್ಟಿ ಹಾಕುವುದೇ ಹೆಚ್ಚು.

ನಮ್ಮ ಊರಿನಲ್ಲಿ ಜೋಳ ನಡೆಯುತ್ತದೆ. ಮೊಣಕಾಲೆತ್ತರ ಬರುವವರೆಗೆ ಬಿತ್ತಿದ ಕಡೆಯೇ ಇರುತ್ತದೆ, ಎರಡನೇ ಸಲ ಎಡೆ ಹೊಡೆದು ಕಳೆ ತೆಗೆದ ಮೇಲೆ ಹೊರಡುತ್ತದೆ. ಅದು ಕಾಲು ಎತ್ತುವುದನ್ನು ನಾನಂತೂ ನೋಡಿಲ್ಲ, ನಮ್ಮ ಅತ್ತೆಯೂ ನೋಡಿರಲಿಲ್ಲ. ದಿಟ್ಟಿಸುತ್ತ ನಿಂತರೆ ಎಲ್ಲ ಗಿಡಗಳಂತೆ ಸುಮ್ಮನೆ ಇರುತ್ತದೆ. ಎತ್ತಿನ ಹಗ್ಗ ಸಡಿಲಾಯಿತೆಂದು ಬಗ್ಗಿ ಕಟ್ಟಿ ತಲೆ ಎತ್ತುವಷ್ಟರಲ್ಲಿ ಸಾಲು ಬದುವಿನ ಆಚೆ ಇರುತ್ತದೆ. ಅದಕ್ಕೇ ನಮ್ಮಲ್ಲಿ ಹೊಲಕ್ಕೆ ಬೇಲಿ ಹಾಕುವುದಿಲ್ಲ, ಬದುವಿಗೆ ಅಲ್ಲಲ್ಲಿ ಕಂಡಿ ಬಿಟ್ಟಿರುತ್ತೇವೆ. ಜೋಳ ದಾರಿ ದಾಟುವ ದಿನಗಳಲ್ಲಿ ಗಾಡಿಯವರು ಗಾಡಿ ನಿಲ್ಲಿಸಿ, ಬೇರೆ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಾರೆ. ನೋಡುತ್ತ ಕೂತರೆ ಅದು ದಾರಿಯ ನಡುವೆಯೇ ಬಿಗುಮಾನದಿಂದ ನಿಂತುಬಿಡುತ್ತದೆ, ಗಾಡಿ ಸಂಜೆಯಾದರೂ ಹೊರಡುವುದಿಲ್ಲ. ಹೊಸದಾಗಿ ಬಂದ ಡ್ರೈವರೊಬ್ಬ ಹಾರನ್ ಹೊಡೆದು ಹೊಡೆದು ಸುಸ್ತಾಗಿ ನನ್ನಲ್ಲಿಗೇ ಬಂದು ಊಟಕ್ಕೆ ಕೂತ. ಉಂಡು ಕೈ ತೊಳೆಯುವಷ್ಟರಲ್ಲಿ ದಾರಿ ತೆರವಾಗಿತ್ತು. ನಿಮ್ಮ ಜೋಳ ಯಾಕೆ ನಡೆಯುತ್ತದೆ ಎಂದು ಅವನು ಕೇಳಿದ. ನಿಮ್ಮದು ಯಾಕೆ ನಡೆಯುವುದಿಲ್ಲ ಎಂದು ನಾನು ಕೇಳಿದೆ.

ಹೀಗೆ ಹೊರಟ ಜೋಳ ಎಲ್ಲಿ ನಿಲ್ಲುತ್ತದೆಯೋ ಅಲ್ಲೇ ತೆನೆ ಕಟ್ಟುತ್ತದೆ. ಯಾರದೆಂದು ಗೊತ್ತಾಗಲಿ ಎಂದು ಬಿತ್ತಿದ ಮನೆಯವರು ಮುಂದಿನ ಸಾಲಿಗೆ ಹಳೆ ಸೀರೆಯ ಅಂಚು ಹರಿದು ಕಟ್ಟಿರುತ್ತಾರೆ. ಯಾರ ಸೀರೆ ಯಾವುದೆಂದು ಊರಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಸುಗ್ಗಿಯ ದಿನ ಬಿತ್ತಿದವನು ಆ ಹೊಲಕ್ಕೆ ಹೋಗಿ, ತಲೆಯ ಮೇಲಿನ ವಸ್ತ್ರ ತೆಗೆದು, "ಎಲ್ಲಾ ನಿಂದೈತಿ" ಎನ್ನಬೇಕು. ಹೊಲದವನು "ಅರ್ಧ ನಿಂದು" ಎನ್ನಬೇಕು. ಇಷ್ಟೇ ಮಾತು. ಬಿತ್ತಿದವನು ತಾನಾಗಿ ಪಾಲು ಕೇಳುವಂತಿಲ್ಲ. ಹೊಲದವನಿಗೆ ಮತ್ತೊಬ್ಬರು ನೆನಪು ಮಾಡಿಕೊಡುವಂತಿಲ್ಲ. ಬಾಯಿಬಿಟ್ಟು ಕೇಳಿ ತಂದ ಜೋಳ ಮನೆಯಲ್ಲಿ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಉಳಿಯುತ್ತದೋ ಇಲ್ಲವೋ ಯಾರೂ ಪರೀಕ್ಷೆ ಮಾಡಿರಲಿಲ್ಲ, ಯಾಕೆಂದರೆ ಯಾರೂ ಕೇಳಿಯೇ ಇರಲಿಲ್ಲ. ಆಸ್ತಿಗಾಗಿ ಹೊಡೆದಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಜೋಳ ಆಚೆ ಈಚೆ ಹೋದ ವರ್ಷ ಎದುರುಬದುರು ನಿಂತು ಈ ಎರಡು ಮಾತು ಆಡಿದ್ದಾರೆ. ಆಡಿದ ಮೇಲೆ ಚಹಾ ಕುಡಿಯದೆ ಎದ್ದು ಹೋಗುವುದು ಹೇಗೆ?

ಹೀಗೆ ಜೋಳದಿಂದ ಕೂಡಿದ ಮನೆಗಳನ್ನು ನಾವು ಜೋಳದ ಬೀಗರು ಎನ್ನುತ್ತೇವೆ. ನನಗೆ ಹೊಳೆವ್ವ ಅಂಥ ಬೀಗತಿ. ಅವಳ ಹೊಲ ನಮ್ಮ ಹೊಲದ ಪಡುವಣಕ್ಕೆ ಹೊಂದಿಕೊಂಡಿದೆ. ನಮ್ಮ ಜೋಳ ಅಲ್ಲಿಗೆ ಹೋಗುವುದು, ಅವಳದು ನಮ್ಮಲ್ಲಿಗೆ ಬರುವುದು, ನಾನು ಮದುವೆಯಾಗಿ ಬಂದಾಗಿನಿಂದ ನಡೆದದ್ದು. ನನ್ನ ಸ್ವಂತ ಅಕ್ಕತಂಗಿಯರಿಗೆ ಗೊತ್ತಿಲ್ಲದ ಸಂಗತಿಗಳು ಅವಳಿಗೆ ಗೊತ್ತು.

ಕಾಲುವೆ ಬಂದ ವರ್ಷವೇ ಸರ್ಕಾರದ ತಳಿ ಪ್ರಯೋಗದವರೂ ಬಂದರು. ಸೊಸೈಟಿಯ ಅಂಗಳದಲ್ಲಿ ಸಭೆ ಕರೆದು ವಿಷಯ ಹೇಳಿದರು. ಕಾಲುವೆಯ ನೀರು ಎಲ್ಲ ಬೆಳೆಗೂ ಸಾಲುವುದಿಲ್ಲ. ಒಂದು ಹಿಂಗಾರಿ ಪ್ರಯೋಗ ಮಾಡಿ ನೋಡುತ್ತೇವೆ, ಯಾವ ತಳಿ ಹೆಚ್ಚು ಇಳುವರಿ ಕೊಡುತ್ತದೆಯೋ ಅದನ್ನು ಬಿತ್ತಿದ ಹೊಲಕ್ಕೆ ಮಾತ್ರ ನೀರು, ಸೊಸೈಟಿಯ ಗೋದಾಮಿನಲ್ಲೂ ಅದೊಂದೇ ಬೀಜ. ಪ್ರಯೋಗಕ್ಕೆ ಎರಡು ಜಾತಿಯ ಗೋವಿನಜೋಳ, ಒಂದು ಹೊಸ ಜೋಳ, ಜೊತೆಗೆ ಹೋಲಿಸಿ ನೋಡುವುದಕ್ಕೆ ನಮ್ಮ ಊರಿನ ಜೋಳ. ಹೋಲಿಸಿ ನೋಡುವುದಕ್ಕೆ ಎಂಬ ಮಾತು ನನಗೆ ಅವತ್ತೇ ಚುಚ್ಚಿತು. ತಲೆತಲಾಂತರದಿಂದ ನಾವು ಉಂಡು ಬದುಕಿದ್ದು ಅವರಿಗೆ ಪಕ್ಕದಲ್ಲಿಟ್ಟು ನೋಡುವ ಸಾಮಾನು.

ನೀರಿಲ್ಲದೆಯೂ ಜೋಳ ಬೆಳೆಯುತ್ತದೆ, ಅದು ನನಗೂ ಗೊತ್ತು. ಆದರೆ ಪಕ್ಕದಲ್ಲೇ ಕಾಲುವೆ ಹರಿಯುವಾಗ ನೀರಿನ ಬೆಳೆ ಬಿಟ್ಟು ಒಣಬೆಳೆ ಬಿತ್ತುವ ಹಟ ಎಷ್ಟು ಜನರಿಗೆ ಇರುತ್ತದೆ? ಗೋದಾಮಿನಲ್ಲಿ ಬೀಜ ಇಲ್ಲ, ಹೊಲಕ್ಕೆ ನೀರು ಇಲ್ಲ ಎಂದ ಮೇಲೆ ಒಂದೊಂದೇ ಮನೆ ಜೋಳ ಬಿಡುತ್ತದೆ. ಬಿತ್ತುವವರೇ ಇಲ್ಲದ ಮೇಲೆ ನಡೆಯುವುದು ಯಾವುದು, ನಿಲ್ಲುವುದು ಎಲ್ಲಿ? ನನ್ನ ಖಾನಾವಳಿಯ ಮಾತು ಬೇರೆ. ಇಲ್ಲಿಗೆ ಜನ ಬರುವುದು ಜೋಳದ ರೊಟ್ಟಿಗೆ. ಗೋವಿನಜೋಳದ ಹಿಟ್ಟನ್ನೂ ಬಡಿದು ನೋಡಿದ್ದೇನೆ. ಬಿಸಿ ಇದ್ದಾಗ ಪರವಾಗಿಲ್ಲ, ಆರಿದ ಮೇಲೆ ಚಪ್ಪಲಿಗೆ ಅಟ್ಟೆ ಹೊಡೆಸಬಹುದು.

ಪ್ರಯೋಗಕ್ಕೆ ಅವರು ಕೇಳಿದ್ದು ನಮ್ಮದೇ ಹೊಲ. ಖಾನಾವಳಿಯ ಹಿಂದೆ, ದಾರಿಗೆ ಹತ್ತಿರ, ನೋಡಲು ಬರುವವರಿಗೆ ಅನುಕೂಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುತ್ತಾರೆ, ಕೊಡಬೇಡಿ ಎಂದು ನಾನು ನನ್ನ ಗಂಡನಿಗೆ ಹೇಳಿದೆ. ನನ್ನ ಗಂಡ ಮಲಕಾಜಪ್ಪ ಎಲ್ಲದಕ್ಕೂ "ಇರ್ಲಿ ಬಿಡು" ಎನ್ನುವ ಮನುಷ್ಯ. ಮನೆಗೆ ಕಳ್ಳ ಬಂದರೂ ಮೊದಲು ಕುಡಿಯಲು ನೀರು ಬೇಕೇನಪ್ಪ ಎಂದು ಕೇಳಿಯಾರು. ಹೊಲ ಕೊಟ್ಟರು. ಆ ಒಂದು ಹಂಗಾಮಿಗೆ ಹೊಲ ಅವರದು, ಮೂರು ತಳಿ ಅವರೇ ಬಿತ್ತುವುದು, ನಮ್ಮ ಜೋಳದ ಮಡಿಯನ್ನು ಮಾತ್ರ ಮಲಕಾಜಪ್ಪನೇ ಬಿತ್ತುವುದು ಎಂದು ಮಾತಾಯಿತು. ಬೀಜಕ್ಕೆಂದು ಊರಿನ ಮನೆಮನೆಯವರು ತಮ್ಮ ಅಟ್ಟದಿಂದ ಒಂದೊಂದು ಆಯ್ದ ತೆನೆ ತಂದುಕೊಟ್ಟರು. ಹೊಳೆವ್ವ ತಂದದ್ದು ನನ್ನ ಮೊಣಕೈಯಷ್ಟು ದಪ್ಪ ಇತ್ತು. ಅದನ್ನು ಕೊಡುವ ಮುನ್ನ ಅವಳು ಅದರ ಮೇಲೆ ಒಮ್ಮೆ ಕೈಯಾಡಿಸಿದಳು.

ಪ್ರಯೋಗ ನಡೆಸಲು ಬಂದ ಸಾಹೇಬರ ಹೆಸರು ಶ್ರೀಕಂಠ. ದಕ್ಷಿಣದ ಕಡೆಯವರು, ಸಣ್ಣ ವಯಸ್ಸು, ತಲೆಗೆ ಯಾವಾಗಲೂ ಹ್ಯಾಟು. ಸೊಸೈಟಿಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡು ಎರಡು ಹೊತ್ತೂ ನನ್ನಲ್ಲೇ ಊಟ ಮಾಡುತ್ತಿದ್ದರು. ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ. ಉಂಡ ತಾಟನ್ನು ತಾವೇ ಎತ್ತಿಡಲು ಹೋಗಿ ನನ್ನಿಂದ ಬೈಸಿಕೊಂಡಿದ್ದರು. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಇರುತ್ತಿತ್ತು.

ಹೊಲವನ್ನು ಅವರು ಹಗ್ಗ ಹಿಡಿದು ಮಡಿಮಡಿಯಾಗಿ ಪಾಲು ಮಾಡಿದರು, ಮೂಲೆಗೊಂದು ಗೂಟ ಹೊಡೆದರು, ಒಂದೊಂದು ಮಡಿಗೂ ಹೆಸರಿನ ಫಲಕ ನೆಟ್ಟರು. ನಮ್ಮ ಜೋಳ ಹಗ್ಗದೊಳಗೆ ಇರುವುದಿಲ್ಲ, ನಡೆಯುತ್ತದೆ ಎಂದು ನಾವು ಮೊದಲೇ ಹೇಳಿದೆವು. ಹೌದಾ ಅಮ್ಮ ಎಂದು ಚಿಕ್ಕ ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕರು. ಮೊದಲ ಸಾಲು ಹಗ್ಗ ದಾಟಿದ ದಿನ, ಊರಿನ ಹುಡುಗರು ಕಿತ್ತು ನೆಟ್ಟಿದ್ದಾರೆ ಎಂದು ಕೂಗಾಡಿದರು. ಮರುದಿನ ತಾವೇ ಕುರ್ಚಿ ಹಾಕಿಕೊಂಡು ಕಾಯಲು ಕೂತರು. ಅವರು ನೋಡುವಷ್ಟು ಹೊತ್ತೂ ಜೋಳ ಮಿಸುಕಲಿಲ್ಲ. ಮಧ್ಯಾಹ್ನ ನನ್ನ ರೊಟ್ಟಿ ಉಂಡು ಕೂತ ಮೇಲೆ ಕಣ್ಣು ಎಳೆಯಿತು. ಎಚ್ಚರಾಗಿ ನೋಡಿದರೆ ಎದುರಿಗಿದ್ದ ಎರಡು ಸಾಲು ಕುರ್ಚಿಯ ಹಿಂದೆ ನಿಂತಿದ್ದವು. ಓಡಿ ಬಂದು ನನ್ನ ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಒಂದೇ ಉಸಿರಿಗೆ ಕುಡಿದರು. ಅವತ್ತಿನಿಂದ ನಂಬಿದರು. ನಂಬಿದ ಮೇಲೆ ಮಾಡಿದ್ದೇನು? ಪೇಟೆಯಿಂದ ಬಲೆ ತರಿಸಿ ನಮ್ಮ ಜೋಳದ ಮಡಿಯ ಸುತ್ತ ಕಟ್ಟಿದರು.

ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಜೋಳ ಆ ಬಲೆಗೆ ಒರಗಿಕೊಂಡು ನಿಂತಿತ್ತು. ಎಲೆಗಳು ಬಲೆಯ ಕಣ್ಣುಗಳಲ್ಲಿ ತೂರಿ ಹೊರಗೆ ಬಂದಿದ್ದವು. ಸಂತೆಗೆ ಹೋಗುವ ಹೆಂಗಸರು ಆ ಕಡೆ ನೋಡಲಾರದೆ ಸೆರಗು ಮುಂದೆ ಎಳೆದುಕೊಂಡು ಹೋಗುತ್ತಿದ್ದರು. ಪ್ರಯೋಗ ನ್ಯಾಯವಾಗಿ ನಡೆಯಬೇಕಾದರೆ ಬೆಳೆ ತನ್ನ ಜಾಗದಲ್ಲಿ ಇರಬೇಕು ಎಂದು ಶ್ರೀಕಂಠ ಸಾಹೇಬರು ಹೇಳಿದರು. ನ್ಯಾಯದ ಹೆಸರಿನಲ್ಲಿ ಕಟ್ಟಿಹಾಕುವುದು ನನಗೆ ಅರ್ಥವಾಗಲಿಲ್ಲ, ಅವರಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ಮಲಕಾಜಪ್ಪ ಯಾರಿಗೂ ಹೇಳದೆ ಹೋಗಿ ಬಲೆಯ ಒಂದು ಮೂಲೆ ಎತ್ತಿ ಗೂಟಕ್ಕೆ ಸಿಕ್ಕಿಸಿ ಬಂದರು. ಸಾಹೇಬರು ಕೇಳಿದಾಗ ಮುಚ್ಚಿಡಲೂ ಇಲ್ಲ.

"ಉಸುರು ಕಟ್ಟಿದಂಗ ಆಗಿತ್ರಿ ಅದಕ್ಕ" ಎಂದರು.

ಹೊರಬಿದ್ದ ಜೋಳ ವಾಡಿಕೆಯಂತೆ ಹೊಳೆವ್ವನ ಹೊಲಕ್ಕೆ ಹೋಗುತ್ತದೆಂದು ನಾವೆಲ್ಲ ಎಣಿಸಿದ್ದೆವು. ಹೋದದ್ದು ಗೋವಿನಜೋಳದ ಮಡಿಗೆ. ಆ ಗೋವಿನಜೋಳಕ್ಕೆ ಸುಳಿಯಲ್ಲಿ ಹುಳು ಬಿದ್ದು ಅರ್ಧಕ್ಕರ್ಧ ಸತ್ತಿತ್ತು, ಉಳಿದದ್ದು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ನಮ್ಮ ಜೋಳ ತನ್ನ ಮಡಿ ಪೂರ್ತಿ ತೆರವು ಮಾಡಿ ಆ ಖಾಲಿ ಬಿದ್ದ ಜಾಗಗಳಲ್ಲೆಲ್ಲ ಹೋಗಿ ನಿಂತುಕೊಂಡಿತು, ಮುಂದಿನ ಸಾಲಿನಲ್ಲಿ ನನ್ನ ಮದುವೆ ಸೀರೆಯ ಕೆಂಪು ಅಂಚು ಕಟ್ಟಿಕೊಂಡು. ಹೊಸಬರು ಬಂದಿದ್ದಾರೆ, ಮಾತಾಡಿಸಲು ಹೋಗಿರಬೇಕು ಎಂದು ನನ್ನ ಗಂಡ ಹೇಳಿದರು. ಅಲ್ಲಿಯೇ ತೆನೆ ಕಟ್ಟಿತು, ಎಂಥ ತೆನೆ! ಹೊಸ ಜೋಳ ಕುಳ್ಳಾಗಿ ನಿಂತಲ್ಲೇ ಜೊಳ್ಳು ಬಿಟ್ಟಿತು, ಇನ್ನೊಂದು ಗೋವಿನಜೋಳವನ್ನು ಹಂದಿ ತಿಂದವು. ಇವುಗಳ ನಡುವೆ ನಮ್ಮದನ್ನು ನೋಡಲು ಜನ ಸಂಜೆಗೆ ಬಂದು ಬದುವಿನ ಮೇಲೆ ಕೂರುತ್ತಿದ್ದರು. ನಾನೂ ನಿರಾಳವಾಗಿದ್ದೆ. ಜೋಳ ನಿಂತದ್ದು ಸಾಹೇಬರ ಮಡಿಯಲ್ಲಿ, ಸುಗ್ಗಿಯ ದಿನ ನಮಗೆ ಅರ್ಧ ಹೇಗೂ ಬರುತ್ತದೆ, ಆ ಅರ್ಧದಲ್ಲೇ ಗೆಲ್ಲುತ್ತೇವೆ ಎನ್ನುವಷ್ಟು ಭಾರ ಇತ್ತು ತೆನೆ.

ಸುಗ್ಗಿಯ ದಿನ ಊರೇ ಬಂದಿತ್ತು. ಮಡಿಯಲ್ಲಿ ನಿಂತದ್ದನ್ನೆಲ್ಲ ಕೊಯ್ದು ಕಣಕ್ಕೆ ತಂದರು. ಒಕ್ಕಿ ತೂರಿದ ಮೇಲೆ ಹಳದಿ ಕಾಳು, ಬಿಳಿ ಕಾಳು ಎರಡೂ ಬೆರೆತ ಒಂದು ರಾಶಿಯಾಯಿತು. ಶ್ರೀಕಂಠ ಸಾಹೇಬರು ರಾಶಿಯ ಮುಂದೆ ತುಸು ಹೊತ್ತು ಗದ್ದಕ್ಕೆ ಕೈ ಹಚ್ಚಿಕೊಂಡು ನಿಂತರು. ಆಮೇಲೆ ಮಲಕಾಜಪ್ಪನನ್ನು ಕರೆದು, ಇದರಲ್ಲಿ ನಿಮ್ಮ ಜೋಳವೂ ಸೇರಿದೆಯಲ್ಲ, ಏನು ಮಾಡೋಣ ಎಂದು ಮರ್ಯಾದೆಯಿಂದಲೇ ಕೇಳಿದರು. ನನ್ನ ಗಂಡ ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಎಲ್ಲಾ ನಿಮ್ದೈತ್ರಿ, ಸಾಹೇಬ್ರ" ಎಂದರು.

ನಾವೆಲ್ಲ ಉತ್ತರಕ್ಕೆ ಕಾದೆವು. ಹೊಳೆವ್ವ ನನ್ನ ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಿದ್ದಳು. ಸಾಹೇಬರ ಮುಖ ಅರಳಿತು. ನನ್ನ ಗಂಡನ ಎರಡೂ ಕೈ ಹಿಡಿದು ಅಲುಗಾಡಿಸಿದರು.

"ತುಂಬಾ ಥ್ಯಾಂಕ್ಸ್ ಮಲಕಾಜಪ್ಪನವರೇ. ದೊಡ್ಡ ತಲೆನೋವು ತಪ್ಪಿಸಿದ್ರಿ."

ಹಾಗೆಂದು ಆಳುಗಳ ಕಡೆ ತಿರುಗಿ, ಎಲ್ಲವನ್ನೂ ಗೋವಿನಜೋಳದ ಚೀಲಕ್ಕೆ ತುಂಬಲು ಹೇಳಿದರು. ತುಂಬಿದರು, ಹೊಲಿದರು, ತೂಗಿದರು. ನಮ್ಮ ಜೋಳದ ಫಲಕದ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ ಬರೆದರು. ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚುವಂತಿರಲಿಲ್ಲ, ಅದೇ ನಮ್ಮ ಕಟ್ಟಳೆ. ಕೆಲವರಿಗೆ ಉಣ್ಣುವುದೊಂದು ಬರುತ್ತದೆ, ಮಾತು ಬರುವುದಿಲ್ಲ ಎಂದು ನಾನು ಹೊಳೆವ್ವನಿಗೆ ಹೇಳುವವಳಂತೆ ಗಟ್ಟಿಯಾಗಿ ಹೇಳಿದೆ. ಅಷ್ಟಕ್ಕೇ ಹಿರಿಯರು ತಿರುಗಿ ನನ್ನ ಕಡೆ ಕೆಂಗಣ್ಣು ಬಿಟ್ಟರು.

ಮನೆಗೆ ಬಂದು ನಾನು ಪಾತ್ರೆಗಳನ್ನು ಕುಕ್ಕಿದ್ದೇ ಕುಕ್ಕಿದ್ದು. ನನ್ನ ಗಂಡ ಮಾತ್ರ, ಹೊಸಬರು, ಇನ್ನೂ ಹೇಳುತ್ತಾರೆ ತಡಿ ಎಂದರು. ಫಲಿತಾಂಶ ಹೇಳುವ ದಿನದವರೆಗೂ ಅವರು ಕಾದರು. ಸಾಹೇಬರು ಊಟಕ್ಕೆ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಎದುರಿಗೆ ಬಂದು ಕೂರುತ್ತಿದ್ದರು. ಹೇಳಬೇಕೆನಿಸಿದಾಗ ಮನುಷ್ಯ ಎದುರಿಗೆ ಇರಲಿ ಎಂದು. ಸಾಹೇಬರು ಬಿಸಿಲಿನ ಮಾತಾಡುತ್ತಿದ್ದರು, ಅವರ ಊರಿನ ಮಾತಾಡುತ್ತಿದ್ದರು, ಶೇಂಗಾ ಚಟ್ನಿ ಇನ್ನೊಂದಿಷ್ಟು ಹಾಕಿಸಿಕೊಳ್ಳುತ್ತಿದ್ದರು. ನನ್ನ ಗಂಡ ಎಲ್ಲದಕ್ಕೂ ತಲೆಯಾಡಿಸಿ, ಅವರು ಕೈ ತೊಳೆಯಲು ಎದ್ದ ಮೇಲೆ ತಾವೂ ಏಳುತ್ತಿದ್ದರು. ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೇಳಿದರೆ ಆಗ ನನಗೇ ಹೇಳಲು ಬರುತ್ತಿರಲಿಲ್ಲ.

ಫಲಿತಾಂಶದ ದಿನ ಸೊಸೈಟಿಯ ಅಂಗಳಕ್ಕೆ ಶಾಮಿಯಾನಾ ಹಾಕಿದ್ದರು. ಮೇಲಿನ ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು, ಶ್ರೀಕಂಠ ಸಾಹೇಬರಿಗೂ ಹಿರಿಯ ಅಧಿಕಾರಿ. ಮೇಜಿನ ಮೇಲೆ ಒಂದು ಗೋವಿನಜೋಳದ ತೆನೆಗೆ ಚೆಂಡುಹೂವಿನ ಮಾಲೆ ಹಾಕಿ ಇಟ್ಟಿದ್ದರು. ಪಕ್ಕದಲ್ಲಿ ಗೆದ್ದ ತಳಿಯ ಚೀಲ, ಬಾಯಿ ಬಿಚ್ಚಿ, ಎಲ್ಲರೂ ನೋಡಲಿ ಎಂದು. ನೋಡಿದೆವು. ಹಳದಿ ಕಾಳಿಗಿಂತ ಬಿಳಿ ಕಾಳೇ ಹೆಚ್ಚು ಕಾಣುತ್ತಿತ್ತು, ಕುರುಡರೂ ಕೈಯಾಡಿಸಿ ಹೇಳಬಹುದಿತ್ತು. ಅದನ್ನು ಎದುರಿಗೆ ಇಟ್ಟುಕೊಂಡೇ ಸೊಸೈಟಿಯ ಕಾರ್ಯದರ್ಶಿ ಗೋವಿನಜೋಳದ ಗುಣಗಾನ ಮಾಡಿದ. ನೀರು ಇನ್ನು ಅದಕ್ಕೇ, ಬೀಜ ಇನ್ನು ಅದೇ ಎಂದ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಾನು ನನ್ನ ಗಂಡನ ಮಗ್ಗುಲಿಗೆ ಹೋಗಿ ಕೂತೆ.

"ಇವತ್ತರ ಬಾಯಿ ಬಿಡ್ರಿ. ನಂದು ಅನ್ರಿ."

"ಹಂಗ ಅನ್ನಬಾರ್ದು."

"ಊರ ಜ್ವಾಳ ಹೊಂಟೈತಿ. ನೀವು ಅನ್ನಬಾರ್ದು ಅನ್ಕೋತ ಕುಂಡ್ರತೀರಿ?"

ಅವರು ನನ್ನ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ನೋಟ ನಾನು ನೋಡಿರಲಿಲ್ಲ. ಎದ್ದು ನಿಂತರು. ತಲೆಯ ವಸ್ತ್ರ ತೆಗೆಯಲಿಲ್ಲ.

"ಆ ಜ್ವಾಳ ನಂದು" ಎಂದರು.

ಗಟ್ಟಿಯಾಗಿ ಹೇಳಲಿಲ್ಲ, ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡರು. ನನಗಂತೂ ಎದೆ ಉಬ್ಬಿ ಬಂದಿತ್ತು, ಇಷ್ಟು ದಿನಕ್ಕೆ ಗಂಡಸು ಬಾಯಿ ಬಿಟ್ಟ ಎಂದು. ಶ್ರೀಕಂಠ ಸಾಹೇಬರು ಗಾಬರಿಯಾಗಿ ಎದ್ದರು. ನೀವೇ ಅಲ್ಲವೇ ಎಲ್ಲಾ ನಮ್ಮದೇ ಎಂದದ್ದು, ಊರೇ ಕೇಳಿದೆಯಲ್ಲ ಎಂದರು. ಆಗ ನಾನು ಎದ್ದು ನಮ್ಮ ಎರಡು ಮಾತಿನ ಕಟ್ಟಳೆಯನ್ನು ಸಭೆಯಲ್ಲಿ ಬಿಡಿಸಿ ಹೇಳಿದೆ. ಹೇಳಬಾರದ್ದು, ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು. "ನನಗೆ ಯಾರೂ ಹೇಳಲಿಲ್ಲವಲ್ಲಮ್ಮಾ" ಎಂದರು. ಸುಳ್ಳೇನಲ್ಲ, ಯಾರೂ ಹೇಳಿರಲಿಲ್ಲ.

ಅವರೇ ಮುಂದಾಗಿ ಚೀಲಗಳನ್ನು ಕೆಳಗಿಳಿಸಿದರು. ನಾವು ಹೆಂಗಸರು ಮನೆಗಳಿಂದ ಜರಡಿ ತಂದು ಅಲ್ಲೇ ಕೂತು ಹಿಡಿದೆವು. ಗೋವಿನಜೋಳ ಜರಡಿಯಲ್ಲಿ ಉಳಿಯಿತು, ನಮ್ಮ ಜೋಳ ಕೆಳಗೆ ಬಿದ್ದಿತು. ತೂಗಿದಾಗ ತಕ್ಕಡಿ ನಮ್ಮ ಕಡೆಗೆ ಎಷ್ಟು ಜಗ್ಗಿತೆಂದರೆ, ಕಾರ್ಯದರ್ಶಿ ಎದ್ದು ಹೋಗಿ ಆ ಹೂವಿನ ಮಾಲೆ ತೆಗೆದು ಮೇಜಿನ ಕೆಳಗೆ ಹಾಕಿದ. ನನ್ನ ಪಾಲಿಗೆ ಅಷ್ಟಕ್ಕೇ ಹಬ್ಬ ಮುಗಿದಿದ್ದರೆ ಚೆನ್ನಾಗಿತ್ತು.

ಮೇಡಂ ಎಲ್ಲವನ್ನೂ ಸಮಾಧಾನದಿಂದ ನೋಡಿದರು. ನಿಮ್ಮ ಜೋಳ ಒಳ್ಳೆಯದು, ನಾನು ಇಲ್ಲವೆನ್ನುವುದಿಲ್ಲ ಎಂದು ಶುರು ಮಾಡಿದರು. ಹೀಗೆ ಶುರು ಮಾಡುವವರ ಮಾತಿನ ಕೊನೆ ನನಗೆ ಗೊತ್ತು. ನೀರು ಬಿಡುವುದು ನೆಲಕ್ಕೆ, ಬೆಳೆಗಲ್ಲ ಎಂದರು. ಇಂಥವರ ಇಷ್ಟು ಎಕರೆಯಲ್ಲಿ ಇಂಥ ಬೆಳೆ ಇದೆ ಎಂದು ತಿಳಿದರೆ ತೂಬು ಎತ್ತಬಹುದು. ನಿಮ್ಮ ಬೆಳೆ ನಾಳೆ ಯಾರ ಹೊಲದಲ್ಲಿ ಇರುತ್ತದೆಂದು ನೀವೇ ಹೇಳಲಾರಿರಿ, ನಾನು ನೀರು ಎಲ್ಲಿಗೆ ಬಿಡಲಿ? ತೂಕದಲ್ಲಿ ನೀವು ಗೆದ್ದಿರಬಹುದು, ನಿಯಮದಲ್ಲಿ ಗೋವಿನಜೋಳವೇ ಎಂದರು.

"ಬಾಯಾರಿ ಬಂದ ಮನಷ್ಯಾಗ ನೀರ್ ಕೊಡೂ ಮುಂದ, ನೀ ನಾಳೆ ಎಲ್ಲಿರ್ತಿ ಅಂತ ಕೇಳ್ತೀರೇನ್ರಿ ಮೇಡಂ?" ಎಂದು ನಾನು ಕೇಳಿದೆ.

ಅದಕ್ಕೆ ಅವರು ಜೀಪು ತರಿಸಿದರು. ಹತ್ತಿ ಹೋದರು. ಅವರಿಗೆಂದು ಮಾಡಿದ ಹೋಳಿಗೆ ಊರವರು ತಿಂದರು, ಜರಡಿಯಿಂದ ಬಿದ್ದ ಜೋಳವನ್ನು ನಾವು ಮನೆಗೆ ಹೊತ್ತೆವು. ತೂಕ ತೋರಿಸಿ, ಜರಡಿ ಹಿಡಿದು, ಸಭೆಯಲ್ಲಿ ಗೆದ್ದು, ಆಮೇಲೂ ಸೋತವರು ಲೋಕದಲ್ಲಿ ನಾವೊಬ್ಬರೇ ಇರಬೇಕು. ಮೊದಲೇ ಈ ನಿಯಮ ಇತ್ತಲ್ಲ, ಹಾಗಿದ್ದರೆ ನಮ್ಮ ಹೊಲ ಯಾಕೆ ಬೇಕಿತ್ತು, ಮನೆಮನೆಯ ತೆನೆ ಯಾಕೆ ಬೇಕಿತ್ತು? ಇದನ್ನು ನಾನು ಬಂದವರನ್ನೆಲ್ಲ ಕೇಳುತ್ತೇನೆ.

ಊರು ಬಿಡುವ ದಿನ ಶ್ರೀಕಂಠ ಸಾಹೇಬರು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ನನ್ನ ಗಂಡನ ಕಡೆ ನೋಡಿ, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ "ಅರ್ಧ ನಿಮ್ಮದು" ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ಗಂಡ ಅವರನ್ನು ಒಳಗೆ ಕರೆದು ಕೂರಿಸಿದರು.

"ಇರ್ಲಿ ಬಿಡ್ರಿ. ಅದು ನಾ ಕೇಳಿ ತಗೊಂಡಿದ್ದಾತಲ್ರಿ" ಎಂದರು.

ಮರುವರ್ಷ ಅರ್ಧ ಊರು ಗೋವಿನಜೋಳ ಬಿತ್ತಿತು. ಬಿತ್ತಿದವರನ್ನು ನಾನು ಬೈಯುವುದಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಆದರೆ ನಡೆಯದ ಬೆಳೆಗೆ ಕಂಡಿ ಯಾಕೆ ಎಂದು ಬದುವಿನ ಕಂಡಿಗಳನ್ನು ಮುಚ್ಚಿದರು, ತಂತಿ ಎಳೆದರು. ಜೋಳಕ್ಕೆ ತಿರುಗಾಡಲು ಉಳಿದ ಜಾಗ ಸ್ವಲ್ಪ. ನಾವು ಜೋಳವನ್ನೇ ಬಿತ್ತಿದೆವು, ಹೊಳೆವ್ವನೂ ಬಿತ್ತಿದಳು. ಸುಗ್ಗಿ ಬಂದಾಗ ಊರಿನಲ್ಲಿ ಒಂದು ಹೊಸ ಮಾತು ಕೇಳಿಬಂತು. ಮಲಕಾಜಪ್ಪನಂಥವನೇ ಸಭೆಯಲ್ಲಿ ನಂದು ಎಂದ ಮೇಲೆ ನಾವು ಅಂದರೆ ತಪ್ಪೇನು, ಬಾಯಿ ಮುಚ್ಚಿ ಕೂತವನ ಗತಿ ನೋಡಿದೆವಲ್ಲ. ತಪ್ಪೇನಿಲ್ಲ. ನಾನು ಯಾವ ಬಾಯಿಂದ ತಪ್ಪು ಎನ್ನಲಿ? ಆ ಮಾತನ್ನು ಅವರ ಬಾಯಿಗೆ ಹಾಕಿದವಳು ನಾನೇ.

ಆ ಸಲ ಹೊಳೆವ್ವನ ಜೋಳ ನಮ್ಮ ಹೊಲಕ್ಕೆ ಬಂದು ನಿಂತಿತ್ತು. ರಾಶಿಯ ದಿನ ನಾನು ಬೆಳಿಗ್ಗೆಯೇ ಚಾಪೆ ಹಾಸಿ, ಚಹಾಕ್ಕೆ ಇಟ್ಟು, ಹೇಳಬೇಕಾದ ಎರಡು ಶಬ್ದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಅವಳ ದಾರಿ ಕಾಯುತ್ತಿದ್ದೆ. ಬಂದಳು. ಜೊತೆಗೆ ತಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಬಂದಿದ್ದಳು. ಚಾಪೆಯ ಮೇಲೆ ಕೂರಲಿಲ್ಲ.

"ಬೀಗತಿ, ಇದ್ರಾಗ ಅರ್ಧ ನಂದೈತಿ. ಮೊದ್ಲ ಹೇಳಿಬಿಡ್ತೀನಿ, ಆಮ್ಯಾಲ ಮಾತು ಬ್ಯಾಡ" ಎಂದಳು.

ನಾನು ಕೊಡುವುದಿಲ್ಲವೆಂದು ಇವಳು ಯಾವಾಗ ತಿಳಿದಳು? ನನ್ನ ಮುಂದೆ ಇವಳಿಗೆ ಸಾಕ್ಷಿ ಬೇಕೇ? ನಾಲಿಗೆಯ ಮೇಲಿದ್ದ ಆ ಎರಡು ಶಬ್ದವನ್ನು ನುಂಗಿಬಿಟ್ಟೆ. ಮಲಕಾಜಪ್ಪ ಎದ್ದು ದನ ಕಟ್ಟುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದರು. ನಾನು ಸೇರು ತೆಗೆದುಕೊಂಡು ರಾಶಿಯ ಮುಂದೆ ಕೂತೆ. ಬೀಗರಿಗೆ ಅಳೆಯುವಾಗ ಸೇರಿನ ಮೇಲೆ ಕಾಳು ಗುಡ್ಡೆಯಾಗಿ ನಾಲ್ಕೂ ಕಡೆ ಚೆಲ್ಲಬೇಕು, ಚೆಲ್ಲಿದ್ದೂ ಅವರ ಚೀಲಕ್ಕೇ. ಮೊದಲ ಸೇರಿಗೆ ನಮ್ಮಲ್ಲಿ "ಒಂದು" ಎನ್ನುವುದಿಲ್ಲ, "ಲಾಭ" ಎಂದು ಎಣಿಸುತ್ತಾರೆ. ನಾನು ಸೇರು ತುಂಬಿದೆ, ಅದರ ಬಾಯಿಯ ಮೇಲೆ ಅಂಗೈ ಸವರಿ ಸಮ ಮಾಡಿದೆ, ಹೆಚ್ಚಿನ ಕಾಳನ್ನು ನಮ್ಮ ರಾಶಿಗೇ ಕೆಡವಿದೆ. ಹೊಳೆವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಅವಳ ಚೀಲಕ್ಕೆ ಸುರಿದೆ.

"ಒಂದು" ಎಂದ ಅವಳ ತಮ್ಮ.